ಅಪ್ಪನ ಜಾವಾ, ಆರಿದ ಕೆಂಪು ದೀಪ

ಮಂಡ್ಯ ಜಿಲ್ಲೆಯ ದೇವಲಾಪುರದ ಕಡೆ ಕತ್ತಲಾದ ಮೇಲೆ ರಸ್ತೆಗಿಳಿದವರಿಗೆ ಇದು ಗೊತ್ತಿರುವ ಭಯ. ಮುಂದೆ ಹೋಗುವ ಗಾಡಿಗೆ ಹಿಂದಿನ ಲೈಟ್ ಇಲ್ಲದಿದ್ದರೆ, ಅಲ್ಲೊಂದು ಗಾಡಿ ಇದೆ ಎಂದು ತಿಳಿಯುವ ಹೊತ್ತಿಗೆ ಬ್ರೇಕ್ ಹಿಡಿಯಲು ಜಾಗವೇ ಉಳಿದಿರುವುದಿಲ್ಲ. ಅದು ಕಬ್ಬಿನ ಟ್ರೇಲರ್ ಆಗಿರಬಹುದು, ಅಪ್ಪ ಬಿಟ್ಟುಹೋದ ಜಾವಾ ಬೈಕ್ ಆಗಿರಬಹುದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಪ್ರೀತಿಯಿಂದ ಉಳಿಸಿಕೊಂಡವರು ನಮ್ಮ ಸೀಮೆಯಲ್ಲಿ ಇದ್ದಾರೆ. ಅವರಿಗೆ ಕಾಡುವ ಪ್ರಶ್ನೆಯೊಂದಿದೆ: ಹಿಂದಿನ ಲೈಟಿಗೆ ಹೊಸದಾಗಿ ವೈರಿಂಗ್ ಮಾಡಿಸಿದರೆ ಆರ್‌ಟಿಒದವರು ಗಾಡಿ ಮಾರ್ಪಾಡು ಮಾಡಿದ್ದೀರಿ ಎಂದು ಹಿಡಿಯುತ್ತಾರೆಯೇ?

ಇಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ತಡೆಯುವುದು, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು. ಸುಟ್ಟ ತಂತಿ ತೆಗೆದು ಅದೇ ಅಳತೆಯ ತಂತಿ ಎಳೆಯುವುದು, ತುಕ್ಕು ಹಿಡಿದ ಹೋಲ್ಡರ್ ಬದಲಿಸುವುದು, ಒಡೆದ ಕೆಂಪು ಗಾಜಿನ ಬದಲು ಹೊಸದು ಹಾಕಿಸುವುದು ಬರೀ ದುರಸ್ತಿ. ಅದಕ್ಕೆ ಯಾರ ಅನುಮತಿಯೂ ಬೇಡ.

ದುರಸ್ತಿ ಮಾಡಿಸದೆ ಓಡಿಸುವುದೇ ತಪ್ಪು. ಸೂರ್ಯ ಮುಳುಗಿ ಅರ್ಧ ಗಂಟೆಯಾದಾಗಿನಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಇರುವವರೆಗೆ, ಮತ್ತು ಮಂಜು ಮಳೆಯಲ್ಲಿ ಬೆಳಕು ಸಾಲದ ಯಾವ ಹೊತ್ತಿನಲ್ಲೂ, ದೀಪ ಉರಿಯುತ್ತಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಹೇಳುತ್ತವೆ. ಹಿಂದೆ ಕೆಂಪು ಬೆಳಕು, ನಂಬರ್ ಪ್ಲೇಟಿನ ಮೇಲೆ ಬಿಳಿ ಬೆಳಕು. ಅಂದಕ್ಕೆಂದು ಹಿಂದಕ್ಕೆ ನೀಲಿ ಅಥವಾ ಬಿಳಿ ಬಲ್ಬು ಹಾಕಿಸುವಂತಿಲ್ಲ. ದೋಷವಿರುವ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(1)ನೇ ಕಲಮಿನಡಿ 1,500 ರೂಪಾಯಿ ದಂಡ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಅಥವಾ ಆಸ್ತಿ ನಷ್ಟವಾದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ‘ನನಗೆ ಗೊತ್ತಿರಲಿಲ್ಲ’ ಎಂದರೆ ಸಾಲದು. ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿದ್ದ ದೋಷಕ್ಕೂ ಈ ಕಲಂ ಅನ್ವಯಿಸುತ್ತದೆ. ಹೊರಡುವ ಮುನ್ನ ಲೈಟ್ ಹಾಕಿ, ಹಿಂದಿನ ಗೋಡೆಯ ಮೇಲೆ ಕೆಂಪು ಬೀಳುತ್ತದೆಯೇ ಎಂದು ಒಮ್ಮೆ ತಿರುಗಿ ನೋಡುವುದೇ ಆ ಎಚ್ಚರ.

ಹಳೆಯ ಜಾವಾದ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 12 ವೋಲ್ಟಿನ ಬಲ್ಬು ಹಾಕಿದರೆ ಅದು ಮಿಣುಕುತ್ತದೆ ಅಷ್ಟೇ. ಬಲ್ಬು ಸರಿಯಿದ್ದೂ ಬೆಳಕು ಮಂಕಾಗಿದ್ದರೆ ಮೊದಲು ನೋಡಬೇಕಾದದ್ದು ಅರ್ಥಿಂಗ್. ಮಡ್‌ಗಾರ್ಡಿನ ತುಕ್ಕು ಮತ್ತು ಮೇಲೆ ಬಳಿದ ಹೊಸ ಬಣ್ಣ ಎರಡೂ ಕರೆಂಟಿನ ದಾರಿ ತಡೆಯುತ್ತವೆ. ಅಲ್ಲಿ ಉಜ್ಜಿ ಲೋಹ ಕಾಣಿಸಿ, ಫ್ರೇಮಿಗೆ ಬೇರೆಯೇ ಒಂದು ಅರ್ಥ್ ತಂತಿ ಕೊಡಿಸಿ. ತೆಗೆದ ಹಳೇ ಹೋಲ್ಡರ್, ಗಾಜನ್ನು ಎಸೆಯಬೇಡಿ. ಬಿಲ್ಲನ್ನಂತೂ ಎಸೆಯಲೇಬೇಡಿ.

ಆ ಬಿಲ್ ಬೇಕಾಗುವ ಸಂದರ್ಭ ಇದು. ದುಡ್ಡು ಪಡೆದು ಕೆಟ್ಟ ವೈರಿಂಗ್ ಮಾಡಿಕೊಟ್ಟು, ವಾರದಲ್ಲೇ ತಂತಿ ಸುಟ್ಟು, ಗ್ಯಾರೇಜಿನವರು ಕೈಯೆತ್ತಿದರೆ ಅದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವಾ ನ್ಯೂನತೆ. ಮೊದಲು ಬರವಣಿಗೆಯಲ್ಲಿ ತಿಳಿಸಿ. ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಸಲಹೆಗೆ 1915ಕ್ಕೆ ಕರೆ ಮಾಡಬಹುದು.

ಲೈಟ್ ಸರಿಹೋದ ಮೇಲೆ ಆರ್‌ಸಿ ತೆಗೆದು ನೋಡಿ. ನನ್ನ ಅನುಭವದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನಮೂನೆ 25ರಲ್ಲಿ ನವೀಕರಿಸಬೇಕು. ಜನ ‘ಎಫ್‌ಸಿ’ ಎನ್ನುವುದು ಇದನ್ನೇ. ನಾಗಮಂಗಲದ ಕೆಎ 54 ಆರ್‌ಟಿಒ ಕಚೇರಿಯಲ್ಲಿ ಗಾಡಿಯನ್ನು ತೋರಿಸಬೇಕು, ತಪಾಸಣೆಯಲ್ಲಿ ದೀಪಗಳನ್ನೂ ನೋಡುತ್ತಾರೆ. ಅಪ್ಪ ತೀರಿಹೋಗಿ ಆರ್‌ಸಿ ಇನ್ನೂ ಅವರ ಹೆಸರಿನಲ್ಲೇ ಇದ್ದರೆ ಅದನ್ನು ಮೊದಲು ಸರಿಪಡಿಸಿ. ಮಾಲೀಕರು ತೀರಿದ 30 ದಿನದೊಳಗೆ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಹಾಕಬೇಕು. ಗಡುವು ದಾಟಿದ್ದರೂ ಹೆದರಿ ಗಾಡಿಯನ್ನು ಮೂಲೆಗೆ ತಳ್ಳಬೇಡಿ, ಹೋಗಿ ಅರ್ಜಿ ಕೊಡಿ.

50 ವರ್ಷ ದಾಟಿದ ಗಾಡಿಗೆ ‘ವಿಂಟೇಜ್’ ನೋಂದಣಿಯೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಈ ನಿಯಮ ತಂದಿತು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಉಳಿದಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಹಳೆಯ ನಂಬರ್ ಇದ್ದರೆ ಉಳಿಸಿಕೊಳ್ಳಬಹುದು. ಆದರೆ ಗೌರವದ ಹೆಸರೆಂದು ಆಸೆಪಟ್ಟು ಇದಕ್ಕೆ ಹೋಗುವ ಮುನ್ನ ನಿಂತು ಯೋಚಿಸಿ. ವಿಂಟೇಜ್ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಡೈರಿಗೆ ಹಾಲು ಕೊಂಡೊಯ್ಯುವ, ಸಂತೆಗೆ ಹೋಗುವ ಜಾವಾಕ್ಕೆ ಸಾದಾ ನವೀಕರಣವೇ ಸರಿ.

ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ದಾಖಲೆಗಳನ್ನು ಡಿಜಿಲಾಕರಿನಲ್ಲಿ ತೋರಿಸಿದರೂ ನಡೆಯುತ್ತದೆ. ದಾಖಲೆ ವಶಕ್ಕೆ ಪಡೆದರೆ ಸ್ವೀಕೃತಿ ಕೊಡಬೇಕು. ಮೋಟಾರು ವಾಹನ ಕಾಯ್ದೆಯ 207ನೇ ಕಲಮಿನಡಿ ಗಾಡಿ ವಶಪಡಿಸಿಕೊಳ್ಳಲು ನೋಂದಣಿ, ಲೈಸೆನ್ಸ್ ಅಥವಾ ಪರ್ಮಿಟ್ ಇಲ್ಲದಂಥ ಕಾರಣ ಬೇಕು. ಹಿಂದಿನ ಲೈಟ್ ಆರಿದ್ದಷ್ಟೇ ಆ ಪಟ್ಟಿಯಲ್ಲಿಲ್ಲ. ದಂಡ ಕಟ್ಟಿದರೆ ರಸೀದಿ ಕೇಳಿ. ಆರೋಪ ಒಪ್ಪದಿದ್ದರೆ ನ್ಯಾಯಾಲಯದಲ್ಲಿ ಹೇಳಿಕೊಳ್ಳಬಹುದು, ರಿಪೇರಿ ಬಿಲ್ ಮತ್ತು ತಾರೀಖಿರುವ ಫೋಟೋ ಅಲ್ಲಿಯೂ ನೆರವಿಗೆ ಬರುತ್ತವೆ. ವಕೀಲರಿಗೆ ಕೊಡಲು ಕೈಯಲ್ಲಿ ಕಾಸಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ.