ಆ್ಯಂಟಿವೈರಸ್ ಚೆನ್ನಾಗಿದೆ ಅಂತ ಹೇಳಿದ್ದು ಯಾರು?

ಸೆಮಿಸ್ಟರ್ ಕೊನೆಗೆ ರಿಪೋರ್ಟ್ ಪ್ರಿಂಟ್ ಹಾಕಿಸೋಕೆ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟಿರುತ್ತೇವೆ. ಹಾಸ್ಟೆಲಿಗೆ ಬಂದು ಲ್ಯಾಪ್‌ಟಾಪಿಗೆ ಹಾಕಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿರುತ್ತವೆ. ಆಗ ಶುರುವಾಗುತ್ತೆ, 'ಮಗಾ, ಯಾವ ಆ್ಯಂಟಿವೈರಸ್ ಹಾಕ್ಲೋ?' ಹತ್ತು ಜನ ಹತ್ತು ಹೆಸರು ಹೇಳ್ತಾರೆ. ಯಾಕೆ ಅಂತ ಕೇಳಿದರೆ ಒಬ್ಬ 'ಅಂಗಡಿಯವರು ಹೇಳಿದ್ರು' ಅಂತಾನೆ, ಇನ್ನೊಬ್ಬ 'ಗೂಗಲ್‌ನಲ್ಲಿ ಮೊದಲು ಬಂದಿದ್ದೇ ಅದು' ಅಂತಾನೆ. ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ನಾವಿಲ್ಲಿ ಹೇಳೋದಿಲ್ಲ. ಒಳ್ಳೇದು ಅಂತ ಹೇಳೋರ ಮಾತನ್ನು ತೂಗಿ ನೋಡೋದು ಹೇಗೆ ಅನ್ನೋದಷ್ಟೇ ಇವತ್ತಿನ ಪಾಠ.

ನಮ್ಮ ಜಿಲ್ಲೆಗೆ ಈ ಸಮಸ್ಯೆ ಹೊಸದೇನಲ್ಲ. ಜಲಂಧರ್ ಕಡೆಯಿಂದ ಹಾಸನದ ಎಪಿಎಂಸಿಗೆ ಬಿತ್ತನೆ ಆಲೂಗೆಡ್ಡೆ ಬರುತ್ತಲ್ಲ, ಮಾರೋರು ಎಲ್ಲ ಮೂಟೆಯನ್ನೂ ಒಳ್ಳೇದು ಅಂತಲೇ ಹೇಳ್ತಾರೆ. ಪಕ್ಕದ ಹೊಲದವರು ನಿಜವನ್ನೇ ಹೇಳಬಹುದು, ಆದರೆ ಅವರ ಅನುಭವ ಒಂದೇ ಹೊಲದ್ದು, ಒಂದೇ ಮಳೆಗಾಲದ್ದು. ಗೆಡ್ಡೆಯ ಗುಣ ಗೊತ್ತಾಗೋದು ಬಿತ್ತಿದ ಮೇಲೆ. ಆ್ಯಂಟಿವೈರಸ್ ಇದಕ್ಕಿಂತ ಕಷ್ಟ. ಬಳಸಿದ ಮೇಲೂ ಗೊತ್ತಾಗಲ್ಲ! ಮೂರು ವರ್ಷ ಏನೂ ಆಗಲಿಲ್ಲ ಅಂದರೆ ಅದು ವೈರಸ್ ತಡೆದದ್ದಕ್ಕೋ, ವೈರಸ್ಸೇ ಬರದಿದ್ದಕ್ಕೋ ಹೇಳೋರ್ಯಾರು? ಹಾಗಾಗಿ ಐದು ಸ್ಟಾರ್ ಕೊಟ್ಟವರು ನಿಜವಾಗಿ ಅಳೆದಿರೋದು ಇನ್‌ಸ್ಟಾಲ್ ಸುಲಭವಾಯ್ತಾ, ಸಿಸ್ಟಮ್ ಸ್ಲೋ ಆಯ್ತಾ ಅನ್ನೋದನ್ನ ಮಾತ್ರ. ರಕ್ಷಣೆ ಎಷ್ಟು ಗಟ್ಟಿ ಅನ್ನೋದು ಅವರಿಗೆ ಕಾಣಿಸಿಯೇ ಇರೋದಿಲ್ಲ.

ಮೊದಲು ಮಾರೋರ ಕಡೆ ನೋಡೋಣ. 'ಟಾಪ್ 10 ಆ್ಯಂಟಿವೈರಸ್' ಅನ್ನೋ ಪುಟಗಳಲ್ಲಿ ಹೆಚ್ಚಿನವು ಬದುಕೋದು ಕಮಿಷನ್ ಮೇಲೆ. ಅಲ್ಲಿರೋ ಬಟನ್ ಒತ್ತಿ ನೀವು ಕೊಂಡರೆ ಅವರಿಗೆ ಪಾಲು ಹೋಗುತ್ತೆ. ಪುಟದ ಮೇಲೋ ಕೆಳಗೋ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿರ್ತಾರೆ, ಹುಡುಕಿ ಓದಿ. ಕೆಲವು ಸಲ ಸಂಬಂಧ ಇನ್ನೂ ಹತ್ತಿರದ್ದು. ಕೇಪ್ ಟೆಕ್ನಾಲಜೀಸ್ ಅನ್ನೋ ಕಂಪನಿ 2018ರಲ್ಲಿ ಇಂಟೆಗೋ ಅನ್ನೋ ಆ್ಯಂಟಿವೈರಸ್ ಕಂಪನಿಯನ್ನು ಕೊಂಡಿತು. 2021ರಲ್ಲಿ ವಿಪಿಎನ್‌ಮೆಂಟರ್, ವಿಝ್‌ಕೇಸ್ ಅನ್ನೋ ವಿಮರ್ಶೆ ತಾಣಗಳ ಒಡೆಯರನ್ನೂ ಕೊಂಡಿತು. ಸರಕೂ ಅವರದೇ, ತಕ್ಕಡಿಯೂ ಅವರದೇ. ಅಲ್ಲಿ ಬರೆದದ್ದೆಲ್ಲ ಸುಳ್ಳು ಅಂತ ನಾವು ಹೇಳ್ತಿಲ್ಲ, ಆದರೆ ಅದನ್ನೇ ಸಾಕ್ಷಿ ಅಂತ ಹಿಡಿಯೋಕೆ ಆಗಲ್ಲ.

ಯೂಟ್ಯೂಬ್ ಪರೀಕ್ಷೆಗಳ ಕಥೆ ಬೇರೆ. ಒಂದು ಫೋಲ್ಡರ್ ತುಂಬ ಹಳೇ ವೈರಸ್ ತುಂಬಿ ಸ್ಕ್ಯಾನ್ ಮಾಡಿ 'ನೋಡಿ, ಎಷ್ಟು ಹಿಡೀತು' ಅಂತ ತೋರಿಸ್ತಾರೆ. ಆದರೆ ನಿಜವಾದ ದಾಳಿ ಬರೋದು ಲಿಂಕಿನಿಂದ, ಮೇಲ್‌ನಿಂದ, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್‌ನಿಂದ. ಅಲ್ಲಿ ಬ್ರೌಸರ್ ಹಂತದಲ್ಲೇ ತಡೆಯೋ ಭಾಗವೂ ಕೆಲಸ ಮಾಡಬೇಕು, ಫೈಲ್ ಓಡಲು ಶುರುವಾದಾಗ ಅದರ ನಡವಳಿಕೆ ಗಮನಿಸೋ ಭಾಗವೂ ಕೆಲಸ ಮಾಡಬೇಕು. ಫೋಲ್ಡರ್ ಸ್ಕ್ಯಾನ್‌ನಲ್ಲಿ ಇವೆರಡೂ ಪರೀಕ್ಷೆಗೇ ಬರೋದಿಲ್ಲ. ಇನ್ನು 68 ಅಕ್ಷರಗಳ ಐಕಾರ್ ಫೈಲ್ ಹಾಕಿ ತೋರಿಸುವವರಿದ್ದಾರೆ. ಅದು ನಿರಪಾಯಕಾರಿ ಪರೀಕ್ಷಾ ಫೈಲು. ಆ್ಯಂಟಿವೈರಸ್ ಆನ್ ಆಗಿದೆಯಾ ಅಂತ ನೋಡೋಕೆ ಬೇಕಾದರೆ ಸರಿ, ಗುಣ ಅಳೆಯೋಕೆ ಅಲ್ಲ.

ಇನ್ನು ಉಳಿದದ್ದು ಪ್ರಯೋಗಾಲಯಗಳು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರೇಟಿವ್ಸ್, ಜರ್ಮನಿಯ ಮಾಗ್ಡೆಬುರ್ಗ್‌ನ ಎವಿ-ಟೆಸ್ಟ್, ಲಂಡನ್ನಿನ ಎಸ್‌ಇ ಲ್ಯಾಬ್ಸ್. ಇವರ ವರದಿಗಳನ್ನು ಪುಕ್ಕಟೆ ಓದಬಹುದು. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆ ಅಂತ ಮೂರು ಭಾಗಕ್ಕೆ ತಲಾ 6ರಂತೆ 18 ಅಂಕ ಕೊಡುತ್ತೆ. ಓದುವಾಗ ಎಂಜಿನಿಯರಿಂಗ್ ತಲೆ ಸ್ವಲ್ಪ ಓಡಿಸಿ. 400 ಮಾದರಿಗಳ ಪರೀಕ್ಷೆಯಲ್ಲಿ ಒಂದು ತಪ್ಪಿದರೆ 0.25 ಶೇಕಡಾ. ಅಂದರೆ 99.5 ಮತ್ತು 99.75ರ ನಡುವೆ ಇರೋದು ಒಂದೇ ಒಂದು ಫೈಲು. ಅದಕ್ಕಾಗಿ 'ನಂಬರ್ ಒನ್' ಅಂತ ಜಗಳ ಆಡೋದ್ರಲ್ಲಿ ಅರ್ಥ ಇಲ್ಲ. ಒಂದೇ ತಿಂಗಳು ನೋಡಬೇಡಿ, ಎರಡು ವರ್ಷದ ಸಾಲು ನೋಡಿ.

ನಮಗೆ ಅದಕ್ಕಿಂತ ಮುಖ್ಯವಾದ ಕಾಲಮ್ ಒಂದಿದೆ, ಅದನ್ನು ಯಾರೂ ಓದೋದಿಲ್ಲ: ಫಾಲ್ಸ್ ಪಾಸಿಟಿವ್. ತಪ್ಪಿಲ್ಲದ ಫೈಲನ್ನು ಎಷ್ಟು ಸಲ ವೈರಸ್ ಅಂತ ಹಿಡಿದಿದೆ ಅನ್ನೋ ಲೆಕ್ಕ. ನೀವು ಸಿ ಪ್ರೋಗ್ರಾಂ ಕಂಪೈಲ್ ಮಾಡಿದಾಗ, ಪೈಥಾನ್ ಪ್ರಾಜೆಕ್ಟನ್ನು ಪೈಇನ್‌ಸ್ಟಾಲರ್‌ನಲ್ಲಿ ಕಟ್ಟಿದಾಗ ಹುಟ್ಟುವ ಇಎಕ್ಸ್‌ಇ ಫೈಲು ಜಗತ್ತಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ, ಅದಕ್ಕೆ ಡಿಜಿಟಲ್ ಸಹಿಯೂ ಇಲ್ಲ. ವೈರಸ್ ಬರೆಯೋರೂ ಅದೇ ಪೈಇನ್‌ಸ್ಟಾಲರ್ ಬಳಸ್ತಾರೆ. ಹಾಗಾಗಿ ಅನುಮಾನದ ಆ್ಯಂಟಿವೈರಸ್ ಅದನ್ನು ಕ್ವಾರಂಟೈನ್‌ಗೆ ಎತ್ತಿ ಹಾಕುತ್ತೆ. ವೈವಾ ಹಿಂದಿನ ರಾತ್ರಿ ಡೆಮೊ ಫೈಲೇ ಮಾಯ! ಲ್ಯಾಬುಗಳು ಈ ಲೆಕ್ಕವನ್ನು ಜನಬಳಕೆಯ ಸಾಫ್ಟ್‌ವೇರ್‌ಗಳ ಮೇಲೆ ಮಾಡ್ತಾರೆ. ಆದ್ದರಿಂದ ಅಲ್ಲೇ ಎಡವೋದು ನಿಮ್ಮ ಪ್ರಾಜೆಕ್ಟನ್ನು ಬಿಡುತ್ತೆ ಅಂತ ನಂಬಬೇಡಿ.

ಲ್ಯಾಬು ಅಂದ ತಕ್ಷಣ ಕೈಮುಗಿಯಬೇಕಿಲ್ಲ. ಅವರಿಗೂ ಕಂಪನಿಗಳಿಂದ ಶುಲ್ಕ ಬರುತ್ತೆ. 2015ರಲ್ಲಿ ಚೀನಾದ ಕಿಹೂ 360 ಪರೀಕ್ಷೆಗೆ ಕಳಿಸಿದ ಪ್ರತಿಯಲ್ಲಿ ಬಿಟ್‌ಡಿಫೆಂಡರ್ ಎಂಜಿನ್ ಆನ್ ಆಗಿತ್ತು, ಅಲ್ಲಿನ ಬಳಕೆದಾರರಿಗೆ ಕೊಟ್ಟದ್ದರಲ್ಲಿ ಆಫ್ ಆಗಿತ್ತು. ಮೂರು ಪರೀಕ್ಷಾ ಸಂಸ್ಥೆಗಳು ಸೇರಿ ಅದನ್ನು ಬಯಲಿಗೆ ತಂದು ಆ ವರ್ಷ ಕೊಟ್ಟ ಸರ್ಟಿಫಿಕೇಟ್ ವಾಪಸ್ ಪಡೆದವು. ತಮ್ಮ ತಪ್ಪು ಹೊರಗೆ ಹೇಳಿಕೊಂಡ ಸಂಸ್ಥೆ ಅಂತ ನಮಗೆ ಅವರ ಮೇಲೆ ನಂಬಿಕೆ ಜಾಸ್ತಿಯೇ ಆಯ್ತು. ವರದಿಯ ದಿನಾಂಕವನ್ನೂ ನೋಡಿ. 2013ರ ಸುಮಾರಿಗೆ ಎವಿ-ಟೆಸ್ಟ್ ಪಟ್ಟಿಯಲ್ಲಿ ಮೈಕ್ರೋಸಾಫ್ಟ್‌ನದು ತಳದಲ್ಲಿತ್ತು. ವಿಂಡೋಸ್ ಜೊತೆಗೇ ಬರುವ ಅವರ ಡಿಫೆಂಡರ್ ಈಚೆಗೆ 18ಕ್ಕೆ 18 ತೆಗೆದದ್ದೂ ಉಂಟು. 'ಡಿಫೆಂಡರ್ ವೇಸ್ಟ್' ಅನ್ನೋ ಸೀನಿಯರ್ ಮಾತು ಆ ಹಳೇ ಕಾಲದ್ದು.

ಯಾವ ಅಂಕಪಟ್ಟಿಯಲ್ಲೂ ಸಿಗದ ವಿಷಯ ಒಂದಿದೆ, ನಿಮ್ಮ ಮಾಹಿತಿ ಎಲ್ಲಿಗೆ ಹೋಗುತ್ತೆ ಅನ್ನೋದು. ಅವಾಸ್ಟ್ ಪರೀಕ್ಷೆಗಳಲ್ಲಿ ಒಳ್ಳೇ ಅಂಕ ತೆಗೀತಿತ್ತು. ಜಂಪ್‌ಶಾಟ್ ಅನ್ನೋ ತನ್ನ ಅಂಗಸಂಸ್ಥೆ ಮೂಲಕ ಬಳಕೆದಾರರ ಬ್ರೌಸಿಂಗ್ ವಿವರ ಮಾರ್ತಿದ್ದದ್ದು 2020ರ ಜನವರಿಯಲ್ಲಿ ಪತ್ರಕರ್ತರಿಂದ ಹೊರಬಂತು. 2024ರಲ್ಲಿ ಅಮೆರಿಕದಲ್ಲಿ 1.65 ಕೋಟಿ ಡಾಲರ್ ಕಟ್ಟಬೇಕಾಯ್ತು. ಕೊಳ್ಳೋ ಮೊದಲು ಕಂಪನಿ ಹೆಸರಿನ ಜೊತೆ 'ದಂಡ', 'ಡೇಟಾ' ಅಂತ ಸೇರಿಸಿ ಸುದ್ದಿ ಹುಡುಕಿ, ಎರಡೇ ನಿಮಿಷದ ಕೆಲಸ.

ಅಂದಹಾಗೆ, ಆ ಪೆನ್‌ಡ್ರೈವ್. ಅಸಲಿ ಫೋಲ್ಡರುಗಳು ಸಾಮಾನ್ಯವಾಗಿ ಅಲ್ಲೇ ಹಿಡನ್ ಆಗಿ ಇರುತ್ತವೆ, ಫಾರ್ಮ್ಯಾಟ್ ಮಾಡೋಕೆ ಹೋಗಬೇಡಿ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡಿದರೇನೇ ವೈರಸ್ ಓಡೋದು, ಅದನ್ನು ಮುಟ್ಟದೆ ಮೊದಲು ಡ್ರೈವ್ ಸ್ಕ್ಯಾನ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಸ್ವಚ್ಛಗೊಳಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಮುಂದಿನ ಸಲ ರಿಪೋರ್ಟನ್ನು ಪಿಡಿಎಫ್ ಮಾಡಿ ಅಂಗಡಿಯವರಿಗೆ ಮೇಲ್ ಕಳಿಸಿ.