ಹಳೆಯ ಹಂಚಿನ ಮನೆಯ ಮುಖ: ರಿಪೇರಿಗೆ ಮುನ್ನ ತಿಳಿಯಬೇಕಾದ ಕಾನೂನು

ಮಂಗಳೂರಿನ ನಂತೂರು, ಬಿಕರ್ನಕಟ್ಟೆ, ಕದ್ರಿ ಕಡೆ ಹಳೆಯ ಮನೆ ಎಂದರೆ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮುಂದೆ ಕಂಬಗಳ ಜಗಲಿ, ಮೇಲೆ ಮಂಗಳೂರು ಹಂಚು. ಇಂಥ ಮನೆಯ ಹೊರಮುಖವನ್ನು ಮೊದಲಿನಂತೆಯೇ ಮಾಡಿಸಬೇಕೆಂದು ಹೊರಟವರು ಮೊದಲು ಕೇಳುವುದು, ‘ಯಾರ ಪರ್ಮಿಶನ್ ಬೇಕು?’ ಎಂದು. ಅದಕ್ಕೂ ಮುಂಚೆ ತಿಳಿಯಬೇಕಾದ ಸಂಗತಿ ಒಂದಿದೆ: ಕಾನೂನಿನ ಲೆಕ್ಕದಲ್ಲಿ ನಿಮ್ಮ ಮನೆ ಏನು?

ನೂರು ವರ್ಷ ದಾಟಿದ ಮಾತ್ರಕ್ಕೆ ಮನೆ ‘ಪಾರಂಪರಿಕ ಕಟ್ಟಡ’ ಆಗುವುದಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಅದಕ್ಕೆ ವಾಸ್ತುಶಿಲ್ಪದ, ಇತಿಹಾಸದ ಅಥವಾ ಸಂಸ್ಕೃತಿಯ ಮೌಲ್ಯ ಇದ್ದರೆ ಸಾಲದು. ಯೋಜನಾ ಪ್ರಾಧಿಕಾರವೋ ಬೇರೆ ಸಕ್ಷಮ ಪ್ರಾಧಿಕಾರವೋ ಹಾಗೆಂದು ಘೋಷಿಸಿರಬೇಕು. ನಮ್ಮಲ್ಲಿ ಯೋಜನಾ ಪ್ರಾಧಿಕಾರವೆಂದರೆ ಮುಡಾ, ಅಂದರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ. ಘೋಷಣೆ ಆಗಿದೆಯೇ ಎಂದು ಮಾಹಿತಿ ಹಕ್ಕಿನಡಿ ಬರೆದು ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಅಜ್ಜನ ಕಾಲದ ಕಥೆಯೆಲ್ಲ ಅದರಲ್ಲಿ ಬೇಡ.

ಇನ್ನೊಂದು ವಿಚಾರಿಸಬೇಕಾದದ್ದು ಪುರಾತತ್ವ ಇಲಾಖೆಯ ನಿಯಮ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಈ ವಲಯದೊಳಗೆ ಮನೆ ಇದ್ದರೆ ಹಳೆಯ ಮನೆಯ ದುರಸ್ತಿಗೂ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ದಾರಿಯಲ್ಲೇ ಅನುಮತಿ ಪಡೆಯಬೇಕು. ಮೀರಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಈ ಎರಡಕ್ಕೂ ಸೇರದ ಮನೆಗಳೇ ಹೆಚ್ಚು. ಅಲ್ಲಿ ಕಾನೂನು ವಿಚಿತ್ರವಾಗಿ ಉದಾರಿ. ಸಲಹೆಯ ಸ್ವರೂಪದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಗಾರೆ, ಬಣ್ಣ, ಹಂಚು ಬದಲಾವಣೆಯನ್ನು ಪರವಾನಗಿ ಬೇಡದ ಕೆಲಸಗಳ ಪಟ್ಟಿಗೆ ಸೇರಿಸಿದೆ. ಕಿಟಕಿ ಬಾಗಿಲು ತೆರೆಯುವುದು, ಮುಚ್ಚುವುದು ಕೂಡ ಅದೇ ಪಟ್ಟಿಯಲ್ಲಿದೆ! ಅಂದರೆ ಮರದ ಜಾಲರಿ ಕಿತ್ತು ಅಲ್ಯೂಮಿನಿಯಂ ಕೂರಿಸಿದರೂ ಕೇಳುವವರಿಲ್ಲ. ಘೋಷಣೆಯಾಗದ ಮನೆಯ ಮುಖವನ್ನು ಕಾನೂನು ಕಾಯುವುದಿಲ್ಲ, ಯಜಮಾನನೇ ಕಾಯಬೇಕು ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಹಾಗೆಂದು ಜಗಲಿಯನ್ನು ಮುಂದಕ್ಕೆ ಚಾಚಿದರೆ, ಮಾಡು ಎತ್ತರಿಸಿದರೆ, ಗೋಡೆ ಕೆಡವಿ ಹೊಸತು ಕಟ್ಟಿದರೆ ಅದು ದುರಸ್ತಿಯಲ್ಲ; ಪಾಲಿಕೆಯ ಪರವಾನಗಿ ಬೇಕೇ ಬೇಕು. ಪಾಲಿಕೆ ನೋಟಿಸ್ ಕೊಟ್ಟರೆ ಗಾಬರಿ ಬೇಡ. ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ 321ನೇ ಕಲಂನಂತೆ ಮೊದಲು ತಾತ್ಕಾಲಿಕ ಆದೇಶ, ಕಾರಣ ಹೇಳಲು ಅವಕಾಶ, ಆಮೇಲಷ್ಟೇ ಅಂತಿಮ ಆದೇಶ. ಅದರ ಮೇಲೂ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು.

‘ಮೊದಲಿನಂತೆ’ ಎನ್ನುವುದಕ್ಕೆ ಅಳತೆಗೋಲು ಯಾವುದು? ಕೇಂದ್ರದ 2016ರ ಮಾದರಿ ಕಟ್ಟಡ ಉಪವಿಧಿಗಳು ಪಾರಂಪರಿಕ ಕಟ್ಟಡಗಳನ್ನು ಮೂರು ದರ್ಜೆ ಮಾಡುತ್ತವೆ. ಒಂದನೆಯದರಲ್ಲಿ ಕಟ್ಟಡದ ಬಲ, ಬಾಳಿಕೆಗೆ ಅಗತ್ಯವಿದ್ದಷ್ಟು ಬಿಟ್ಟರೆ ಒಳಗೂ ಹೊರಗೂ ಕೈಹಾಕುವಂತಿಲ್ಲ. ಎರಡನೆಯದರಲ್ಲಿ ಹೊರಮುಖ ಉಳಿಸಿ ಒಳಗೆ ಬದಲಿಸಬಹುದು. ಮೂರನೆಯದರಲ್ಲಿ ಎರಡಕ್ಕೂ ಸಾಮಾನ್ಯವಾಗಿ ಅವಕಾಶವಿದೆ. ಇದು ಮಾದರಿ ಮಾತ್ರ, ತಾನಾಗಿ ಜಾರಿಗೆ ಬರುವುದಲ್ಲ. ಆದರೂ ವಾಸದ ಮನೆಗೆ ಎರಡನೆಯ ದರ್ಜೆಯ ರೀತಿಯೇ ಒಳ್ಳೆಯದು. ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್‌ನ 2004ರ ಸನ್ನದು ಹೊರಟಿದ್ದೇ ಸರ್ಕಾರಿ ರಕ್ಷಣೆ ಇಲ್ಲದ ಇಂಥ ಕಟ್ಟಡಗಳಿಗಾಗಿ. ಅದರ ಮಂಗಳೂರು ಘಟಕ ಬಲ್ಲಾಳ್‌ಬಾಗ್‌ನ ಹಳೆಯ ಕೊಡಿಯಾಲ್‌ಗುತ್ತು ಮನೆಯಲ್ಲಿ ಕಲಾ ಕೇಂದ್ರ ನಡೆಸುತ್ತಿದೆ. ಕೆಲಸ ಶುರುಮಾಡುವ ಮುಂಚೆ ನಿಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಆ ಮನೆ ತೋರಿಸಿ. ಗಾರೆಯೂ ಮೊದಲಿನದ್ದೇ ಇರಲಿ: ಮುರಕಲ್ಲಿಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಗಾರೆ ಉಬ್ಬಿ ಉದುರುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ. ನಮ್ಮ ಮಳೆಗೆ ಇದು ದೊಡ್ಡ ಮಾತು.

ಕೆತ್ತನೆಯ ಬಾಗಿಲು, ಕಂಬ ಕೇಳಿಕೊಂಡು ಬರುವ ವ್ಯಾಪಾರಿಗಳ ಬಗ್ಗೆ ಎಚ್ಚರ. ಪುರಾತನ ವಸ್ತುಗಳ ಕಾಯ್ದೆ, 1972ರ ವ್ಯಾಖ್ಯೆಯಲ್ಲಿ ನೂರು ವರ್ಷಕ್ಕೂ ಹಳೆಯ, ‘ಕಟ್ಟಡದಿಂದ ಬೇರ್ಪಡಿಸಿದ’ ವಸ್ತುವೂ ಸೇರಿದೆ. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಲೈಸೆನ್ಸ್ ತೋರಿಸದವನಿಗೆ ಗೇಟಿನಾಚೆಯೇ ನಮಸ್ಕಾರ ಹೇಳಿ.

ನಿಜವಾದ ತೊಡಕು ಬರುವುದು ಮನೆಯೊಳಗಿನಿಂದ. ಅಳಿಯಕಟ್ಟಿನ (ಹೆಣ್ಣಿನ ಸಂತತಿಯಲ್ಲಿ ಆಸ್ತಿ ಸಾಗುವ) ಕುಟುಂಬದ ಮನೆಯಾದರೆ ಪಾಲುದಾರರು ಮುಂಬೈ, ದುಬೈಯಲ್ಲಿ ಹರಡಿರುತ್ತಾರೆ. ಸೋರುವ ಮಾಡು ಮುಚ್ಚಿಸಲು ಯಾರೂ ಆಕ್ಷೇಪಿಸಲಾರರು. ಆದರೆ ದೊಡ್ಡ ಬದಲಾವಣೆಗೆ ಒಬ್ಬ ಪಾಲುದಾರ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತಂದರೂ ಕೆಲಸ ನಿಲ್ಲುತ್ತದೆ. ಖರ್ಚಿನ ಪಾಲು ಸಹಿತ ಎಲ್ಲರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಮೂಲಗೇಣಿ (ಶಾಶ್ವತ ಗೇಣಿ) ಜಾಗವಾದರೆ, ಕಟ್ಟಡ ಬದಲಿಸಲು ಷರತ್ತು ಇದೆಯೇ ಎಂದು ಹಳೆಯ ಗೇಣಿ ಚೀಟಿಯನ್ನು ವಕೀಲರಿಂದ ಓದಿಸಿ.

ಹೆದ್ದಾರಿ ಬದಿಯವರಿಗೆ ಒಂದು ಮಾತು: ರಸ್ತೆಗೆಂದು ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಭೂಸ್ವಾಧೀನದ 3-ಎ ಅಧಿಸೂಚನೆ ಪ್ರಕಟವಾದರೆ ಆಕ್ಷೇಪಣೆಗೆ ಇರುವುದು 21 ದಿನ ಮಾತ್ರ.

ಗಾರೆ ಕೆಲಸ ಮಳೆ ನಿಂತ ಮೇಲೆ. ಕಾಗದದ ಕೆಲಸಕ್ಕೆ ಮಳೆಗಾಲವೇ ಸಾಕು. ಮೊದಲ ಹಂಚು ಇಳಿಸುವ ಮುಂಚೆ ನಾಲ್ಕೂ ಮುಖಗಳ ಫೋಟೊ, ಅಳತೆ ತೆಗೆದು, ಮಾಡಲಿರುವ ಕೆಲಸದ ವಿವರದೊಂದಿಗೆ ಪಾಲಿಕೆಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.