ತಾಯಿಯ ದುಡಿಮೆಗೆ ಅಂಕ ಹಾಕುವವರು

ನಮ್ಮ ಮದ್ರಸಕ್ಕೆ ಮಕ್ಕಳನ್ನು ಕಳುಹಿಸುವ ತಾಯಿಯೊಬ್ಬರು ಒಮ್ಮೆ ಹೀಗೆ ಕೇಳಿದರು: "ಉಸ್ತಾದರೇ, ಸುಬ್‌ಹಿಗೆ ಮುಂಚೆ ಎದ್ದರೆ ನಾನು ಕೂರುವುದು ಇಶಾ ಕಳೆದ ಮೇಲೆ. ಆದರೂ ಸಾರಿಗೆ ಉಪ್ಪು ಹೆಚ್ಚಾಯಿತು, ಅಂಗಳದಲ್ಲಿ ಕಸ ಉಳಿಯಿತು ಎಂಬ ಮಾತು ತಪ್ಪಿದ್ದಲ್ಲ. ಅತ್ತೆ ಹೇಳಿದರೆ ಸಹಿಸಿಯೇನು, ಈಗ ಹೆತ್ತ ಮಕ್ಕಳೂ ಹೇಳುತ್ತಾರೆ. ನಮಾಝ್‌ಗೆ ನಿಂತರೂ ಅಡುಗೆ ಮನೆಯದೇ ಚಿಂತೆ. ನಾನು ಕೆಟ್ಟ ತಾಯಿಯೇ?"

ತಕ್ಷಣ ಉತ್ತರಿಸಲು ನನಗೆ ನಾಲಿಗೆ ಬರಲಿಲ್ಲ. ಹಾಸ್ಟೆಲಿನಿಂದ ರಜೆಗೆ ಬಂದು, ತಾಯಿ ಬಡಿಸಿದ ಬಟ್ಟಲನ್ನು ಮುಖ ಸಿಂಡರಿಸಿ ದೂಡಿದ ನೆನಪು ನನಗೂ ಇತ್ತು.

ಹ. ಅಬೂಬಕರ್(ರ)ರ ಪುತ್ರಿ ಅಸ್ಮಾ(ರ) ತಮ್ಮ ಸಂಸಾರದ ಕತೆಯನ್ನು ತಾವೇ ಹೇಳಿದ್ದಾರೆ. ಅದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಪತಿ ಝುಬೈರ್(ರ) ಬಡವರು. ಕುದುರೆಗೆ ಮೇವು ಹಾಕುವುದು, ನೀರು ತರುವುದು, ಚರ್ಮದ ಬಕೆಟ್ ಹೊಲಿಯುವುದು, ಹಿಟ್ಟು ನಾದುವುದು ಎಲ್ಲವೂ ಅಸ್ಮಾ(ರ)ರ ಪಾಲಿಗೆ. ಸುಮಾರು ಮೂರೂವರೆ ಕಿಲೋಮೀಟರ್ ದೂರದಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಆದರೆ ರೊಟ್ಟಿ ಬೇಯಿಸಲು ಅವರಿಗೆ ಚೆನ್ನಾಗಿ ಬರುತ್ತಿರಲಿಲ್ಲ. ಇದನ್ನು ಅವರು ಮುಚ್ಚಿಡದೆ ಹೇಳುತ್ತಾರೆ.

ಸುತ್ತಲಿನವರು ಏನು ಮಾಡಿದರು? ನೆರೆಮನೆಯ ಅನ್ಸಾರಿ ಸ್ತ್ರೀಯರು ನಗಲಿಲ್ಲ, ರೊಟ್ಟಿ ಬೇಯಿಸಿ ಕೊಟ್ಟರು. ದಾರಿಯಲ್ಲಿ ತಲೆಹೊರೆಯೊಂದಿಗೆ ಕಂಡಾಗ ಪ್ರವಾದಿ(ಸ)ರು ಅವರನ್ನು ಹತ್ತಿಸಿಕೊಳ್ಳಲು ಒಂಟೆಯನ್ನು ಕೂರಿಸಲು ಮುಂದಾದರು. ಲಜ್ಜೆಯಿಂದ ಅಸ್ಮಾ(ರ) ಹತ್ತಲಿಲ್ಲ. ವಿಷಯ ತಿಳಿದ ಪತಿಗೆ ಪತ್ನಿ ಹೊತ್ತ ಹೊರೆಯೇ ಹೆಚ್ಚು ನೋವಾಯಿತು. ಕೊನೆಗೆ ತಂದೆ ಒಬ್ಬ ಸೇವಕರನ್ನು ಕಳುಹಿಸಿ ಕುದುರೆಯ ಕೆಲಸವನ್ನು ತಪ್ಪಿಸಿದರು. ತನಗೆ ಗುಲಾಮಗಿರಿಯಿಂದಲೇ ಬಿಡುಗಡೆ ಸಿಕ್ಕಂತಾಯಿತು ಎಂದರು ಅಸ್ಮಾ(ರ). ಯಾರೂ ಅವರ ಕೆಲಸಕ್ಕೆ ಅಂಕ ಹಾಕಲಿಲ್ಲ. ಪ್ರತಿಯೊಬ್ಬರೂ ಹೊರೆಯನ್ನು ಇಳಿಸಲು ನೋಡಿದರು.

ಅಡುಗೆ, ಗುಡಿಸುವುದು ನಿಕಾಹ್‌ನಿಂದ ಪತ್ನಿಯ ಮೇಲೆ ಬೀಳುವ ಹೊಣೆಯಲ್ಲ ಎಂಬುದು ಶಾಫಿಈ ಕರ್ಮಶಾಸ್ತ್ರದ ನಿಲುವು. ಬೇರೆ ವಿದ್ವಾಂಸರಿಗೆ ಬೇರೆ ಅಭಿಪ್ರಾಯವಿದೆ. ಆದರೆ ಆಕೆಯ ದುಡಿಮೆಯನ್ನು ಹಂಗಿಸುವ ಹಕ್ಕನ್ನು ಯಾರೂ ಯಾರಿಗೂ ಕೊಟ್ಟಿಲ್ಲ. ಪ್ರವಾದಿ(ಸ)ರು ಎಂದೂ ಆಹಾರವನ್ನು ಹಳಿಯಲಿಲ್ಲ. ಇಷ್ಟವಾದರೆ ತಿಂದರು, ಇಲ್ಲವಾದರೆ ಬಿಟ್ಟರು. ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು ಎಂದು ಹ. ಆಯಿಷಾ(ರ) ತಿಳಿಸಿದ್ದಾರೆ. ಅಡುಗೆಮನೆಗೆ ಕಾಲಿಟ್ಟರೆ ಗಂಡಸುತನ ಕುಂದುತ್ತದೆ ಎನ್ನುವವರು ಇದನ್ನು ಯೋಚಿಸಲಿ.

ಮಕ್ಕಳೇ, ಹೆತ್ತವರಿಗೆ 'ಛೆ' ಎನ್ನಬಾರದೆಂದು ಕುರ್‌ಆನ್ ಕಲಿಸಿದೆ. ತಾಯಿಯ ಅಡುಗೆಗೆ ಮೂಗು ಮುರಿಯುವುದೂ ಆ 'ಛೆ'ಯೇ ಅಲ್ಲವೇ?

ಸಹೋದರಿ, ನೀವು ಕೆಟ್ಟ ತಾಯಿಯಲ್ಲ, ದಣಿದ ತಾಯಿ. ಅಲ್ಲಾಹನ ತಕ್ಕಡಿಯಲ್ಲಿ ತೂಗುವುದು ಸಾರಿನ ಉಪ್ಪಲ್ಲ, ನಿಮ್ಮ ಸಂಕಲ್ಪ. ಬಾರದ ಕೆಲಸವನ್ನು ಬಾರದು ಎನ್ನಿ, ಆಗದ ಕೆಲಸಕ್ಕೆ ನೆರವು ಕೇಳಿ. ಅಸ್ಮಾ(ರ) ಹಾಗೆಯೇ ಬದುಕಿದರು.

ಇನ್ನು ಓದುಗರಲ್ಲಿ ಗಂಡಂದಿರೂ ಮಕ್ಕಳೂ ಇದ್ದೀರಿ. ಇಂದು ರಾತ್ರಿ ಉಂಡ ಬಟ್ಟಲನ್ನು ನೀವೇ ತೊಳೆದಿಡಿ. ಹಾಸ್ಟೆಲಿನ ಆ ಹುಡುಗ ಇದನ್ನು ಬಹಳ ತಡವಾಗಿ ಕಲಿತ.